ಕುಂತು ದುಡಿಯುವವರಿಗೆ ಒಂದು ಪಾಠ: ಅರ್ಧ ತಾಸಿಗೊಮ್ಮೆ ಏಳೋಣ



ಈ ಸಲದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಈ ಪಾಠಕ್ಕೆ ಕೊಡಿ. ಓದಲು ಬರುವ ಒಬ್ಬ ಸದಸ್ಯೆ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಅರ್ಥವಾಗದ ಕಡೆ ನಿಲ್ಲಿಸಿ ಮಾತಾಡಿ. ಪಾಠದ ನಡುವೆ ಒಂದು ಕಡೆ ಎಲ್ಲರೂ ಎದ್ದು ನಿಲ್ಲಬೇಕೆಂದು ಬರೆದಿದ್ದೇವೆ. ಅಲ್ಲಿ ನಾಚಿಕೆ ಬಿಟ್ಟು ಎದ್ದೇಳಿ.

ಪಾಠದ ಗುರಿ: ಬಹಳ ಹೊತ್ತು ಕುಂತಲ್ಲೇ ಕುಂತು ದುಡಿಯುವುದರಿಂದ ಮೈಗೆ ಆಗುವ ಹಾನಿ ತಿಳಿಯುವುದು, ಕೂಲಿ ಕಡಿಮೆಯಾಗದಂತೆ, ಖರ್ಚಿಲ್ಲದೆ, ಅದನ್ನು ತಗ್ಗಿಸುವ ದಾರಿಯನ್ನು ಸಂಘದವರೇ ಕೂಡಿ ಹುಡುಕುವುದು.

ಕುಂತು ಮಾಡುವ ಕೆಲಸ ಸುಖದ ಕೆಲಸವೇ?

"ಅಕ್ಕಾ, ನೆರಳಾಗ ಕುಂತು ಮಾಡೋ ಕೆಲಸ ಒಂದು ಸಿಕ್ಕರೆ ಸಾಕು." ಸಭೆಗಳಲ್ಲಿ ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಮಾನವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ಹಚ್ಚಿದವರಿಗೆ, ದೇವದುರ್ಗದ ಹೊಲಗಳಲ್ಲಿ ಬಿಸಿಲು ಹೊತ್ತುಕೊಂಡು ಹತ್ತಿ ಬಿಡಿಸಿದವರಿಗೆ, ಕುಂತು ಮಾಡುವ ಕೆಲಸ ಸ್ವರ್ಗದಂತೆ ಕಾಣುವುದು ಸಹಜ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲನ್ನು ಮೈಮೇಲೆ ತೆಗೆದುಕೊಂಡವರಿಗೆ ನೆರಳಿನ ಬೆಲೆ ಗೊತ್ತು.

ಅದಕ್ಕೇ ಸಂಘದಿಂದ ಸಾಲ ಎತ್ತಿ ಹೊಲಿಗೆ ಮಷಿನ್ ತಂದೆವು. ಜೋಳದ ರೊಟ್ಟಿ ಮಾಡಿ ಮಾರಲು ಶುರು ಮಾಡಿದೆವು. ಮಕ್ಕಳನ್ನು ಓದಿಸಿ ರಾಯಚೂರಿನ ಅಂಗಡಿ, ಆಫೀಸು, ಕಂಪ್ಯೂಟರ್ ಸೆಂಟರ್‌ಗಳಿಗೆ ಕಳಿಸಿದೆವು. ಇದು ನಮ್ಮ ಏಳಿಗೆಯೇ. ಆದರೆ ಕೆಲವು ವರ್ಷ ಕಳೆದ ಮೇಲೆ ಅದೇ ಅಕ್ಕಂದಿರು ಬೇರೆ ಮಾತು ಹೇಳುತ್ತಾರೆ: "ಟೊಂಕ ಹಿಡಕೊಂಡದ." "ಕುತ್ತಿಗಿ ತಿರಗವಲ್ದು." "ಎದ್ದರೆ ಕಾಲು ಜೋಮು ಹಿಡಿತಾವ." "ಸಕ್ಕರಿ ಬಂದದ ಅಂದ್ರು ಡಾಕ್ಟರು."

ಮಷಿನ್ ಸಾಲ ತೀರಿತು, ಆದರೆ ಮೈ ಸಾಲ ಏರಿತು. ಮಷಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಟೊಂಕ ಕೆಟ್ಟರೆ ದುಡಿಮೆಯೇ ನಿಲ್ಲುತ್ತದೆ. ಆದ್ದರಿಂದ ಈ ಪಾಠ ಆರೋಗ್ಯದ ಪಾಠವೂ ಹೌದು, ಉಳಿತಾಯದ ಪಾಠವೂ ಹೌದು.

ನಮ್ಮಲ್ಲಿ ಯಾರು ಯಾರು ಕುಂತು ದುಡಿಯುತ್ತಾರೆ?

ಕುಂತು ದುಡಿಯುವವರು ಅಂದರೆ ಬ್ಯಾಂಕಿನ ಸಾಹೇಬರು, ತಾಲೂಕು ಆಫೀಸಿನ ಗುಮಾಸ್ತರು ಮಾತ್ರ ಅಂತ ತಿಳಿಯಬೇಡಿ. ಹೊಲಿಗೆಯವರು, ರೊಟ್ಟಿ ಬಡಿಯುವವರು, ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಹತ್ತಿಯ ಕಸ ಆರಿಸುವವರು, ಕಾಳು ಹಸನು ಮಾಡುವವರು, ಸಂತೆಯಲ್ಲಿ ಕಾಯಿಪಲ್ಯ ಹಚ್ಚಿಕೊಂಡು ಕೂಡುವವರು, ಒಕ್ಕೂಟದ ಲೆಕ್ಕ ಬರೆಯುವವರು, ಕಂಪ್ಯೂಟರ್ ಮುಂದೆ ಕೂಡುವ ನಮ್ಮ ಹೆಣ್ಣುಮಕ್ಕಳು, ಬಸ್ಸು ಆಟೋ ನಡೆಸುವ ನಮ್ಮ ಗಂಡಸರು, ಎಲ್ಲರೂ ಈ ಪಟ್ಟಿಯಲ್ಲಿ ಬರುತ್ತಾರೆ.

ಇಲ್ಲಿ ಒಂದು ಸಣ್ಣ ಬದಲಾವಣೆಯನ್ನು ಗಮನಿಸಿ. ಹಿಂದೆ ಹೊಲಿಗೆ ಮಷಿನನ್ನು ಕಾಲಿನಿಂದ ತುಳಿಯುತ್ತಿದ್ದೆವು. ಕುಂತಿದ್ದರೂ ಪಾದ, ಮೀನಖಂಡ ಆಡುತ್ತಿದ್ದವು. ಈಗ ಬಹಳ ಮಷಿನ್‌ಗಳಿಗೆ ಕರೆಂಟಿನ ಮೋಟಾರ್ ಬಂದಿದೆ. ಕೆಲಸ ಬೇಗ ಆಗುತ್ತದೆ, ಕಾಲಿಗೆ ದಣಿವಿಲ್ಲ. ಆದರೆ ಕಾಲು ಆಡುವುದೂ ನಿಂತಿತು. ಮೋಟಾರ್ ಹಚ್ಚಿಸಿಕೊಂಡವರು ಮೊದಲಿಗಿಂತ ಹೆಚ್ಚು ಸಲ ಎದ್ದಾಡಬೇಕು ಅನ್ನುವುದನ್ನು ನೆನಪಿಡಿ.

ಕುಂತಾಗ ಮೈಯೊಳಗೆ ಏನಾಗುತ್ತದೆ?

1. ರಕ್ತ ಕೆಳಗೆ ನಿಲ್ಲುತ್ತದೆ. ಕಾಲಿಗೆ ಇಳಿದ ರಕ್ತವನ್ನು ಮೇಲೆ ತಳ್ಳುವ ಪಂಪ್ ನಮ್ಮ ಮೀನಖಂಡ. ನಡೆದಾಗ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲೆ ಕಳಿಸುತ್ತದೆ. ಕುಂತಾಗ ಆ ಪಂಪ್ ಬಂದ್. ಕಾಲು ಬಾವು, ಭಾರ, ಜೋಮು ಬರುವುದು ಹೀಗೆ.

2. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಉಂಡ ರೊಟ್ಟಿ, ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದನ್ನು ಬಳಸುವುದು ತೊಡೆ, ಕಾಲುಗಳ ದೊಡ್ಡ ಸ್ನಾಯುಗಳು. ಅವು ಸುಮ್ಮನಿದ್ದರೆ ಸಕ್ಕರೆ ರಕ್ತದಲ್ಲಿ ಬಹಳ ಹೊತ್ತು ತಿರುಗುತ್ತದೆ. ವರ್ಷಗಟ್ಟಲೆ ಹೀಗಾದರೆ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ.

3. ಬೆನ್ನಿನ ಮೇಲೆ ಭಾರ ಬೀಳುತ್ತದೆ. ಮುಂದಕ್ಕೆ ಬಾಗಿ ಹೊಲಿದಾಗ, ರೊಟ್ಟಿ ಬಡಿದಾಗ, ಬೆನ್ನೆಲುಬಿನ ನಡುವಿನ ಮೆತ್ತನೆಯ ಗಾದಿಗಳು ಒಂದೇ ಕಡೆ ಒತ್ತಿಕೊಳ್ಳುತ್ತವೆ. ಕುತ್ತಿಗೆ, ಹೆಗಲು ಬಿಗಿಯುತ್ತವೆ.

ಬಸುರಿ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಬಸುರಿನಲ್ಲಿ ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅವರನ್ನು ಒಂದೇ ಕಡೆ ಬಹಳ ಹೊತ್ತು ಕೂಡಲು ಬಿಡಬಾರದು.

ಇದು ಇಂದು ನಿನ್ನೆಯ ಮಾತಲ್ಲ

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ ದುಡಿಯುವ ಜನರ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಕುಂತು ಕೆಲಸ ಮಾಡುವ ದರ್ಜಿಗಳು, ಚಮ್ಮಾರರ ಕಷ್ಟವೂ ಇದೆ. ದರ್ಜಿಗಳ ಕಾಲು ಜೋಮು ಹಿಡಿಯುವುದನ್ನು, ಬೆನ್ನು ಬಾಗುವುದನ್ನು ಅವರು ಕಣ್ಣಾರೆ ಕಂಡು ಬರೆದರು. ರಜೆಯ ದಿನವಾದರೂ ಮೈ ಆಡಿಸಿರಿ ಎಂದು ಬುದ್ಧಿ ಹೇಳಿದರು. ಮುನ್ನೂರು ವರ್ಷದ ಹಿಂದಿನ ಇಟಲಿಯ ದರ್ಜಿಗೂ ಇಂದಿನ ಮಾನವಿಯ ನಮ್ಮ ಹೊಲಿಗೆ ಅಕ್ಕನಿಗೂ ಟೊಂಕ ನೋವು ಒಂದೇ.

1953ರಲ್ಲಿ ಇಂಗ್ಲೆಂಡಿನ ಡಾ. ಜೆರ್ರಿ ಮಾರಿಸ್ ಮತ್ತು ಜೊತೆಗಾರರು ಲಂಡನ್ನಿನ ಬಸ್ಸುಗಳನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಅವು ಎರಡು ಅಂತಸ್ತಿನ ಬಸ್ಸುಗಳು. ಡ್ರೈವರ್ ದಿನವಿಡೀ ಕುಂತಿರುತ್ತಿದ್ದ. ಕಂಡಕ್ಟರ್ ಟಿಕೇಟು ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರೂ ಒಂದೇ ಬಸ್ಸಿನವರು. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ, ಡ್ರೈವರುಗಳಲ್ಲಿ ಹೆಚ್ಚು ಕಂಡಿತು. ಮುಂದಿನ ಸಲ ದೇವದುರ್ಗದ ಬಸ್ಸು ಹತ್ತಿದಾಗ ಸೀಟಿನಿಂದ ಸೀಟಿಗೆ ಓಡಾಡುವ ಕಂಡಕ್ಟರನ್ನು, ಸೀಟಿಗೆ ಅಂಟಿಕೊಂಡ ಡ್ರೈವರನ್ನು ನೋಡಿ. ಈ ಪಾಠ ನೆನಪಾಗುತ್ತದೆ.

2012ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಪರೀಕ್ಷೆ ನಡೆಯಿತು. ಪ್ರತಿ 20 ನಿಮಿಷಕ್ಕೆ 2 ನಿಮಿಷ ನಡೆದವರಲ್ಲಿ ಉಂಡ ನಂತರದ ಸಕ್ಕರೆ, ಕುಂತೇ ಇದ್ದಾಗಿನಕ್ಕಿಂತ ಕಡಿಮೆ ಇತ್ತು. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ 11 ಜನ ಇದ್ದರು. ಪ್ರತಿ ಅರ್ಧ ತಾಸಿಗೆ 5 ನಿಮಿಷ ನಿಧಾನವಾಗಿ ನಡೆದ ದಿನ, ಊಟದ ನಂತರ ಏರುವ ಸಕ್ಕರೆ ಅರ್ಧಕ್ಕಿಂತ ಹೆಚ್ಚು ತಗ್ಗಿತು. ರಕ್ತದೊತ್ತಡವೂ ಇಳಿಯಿತು. ಇವು ಸಣ್ಣ ಪರೀಕ್ಷೆಗಳು. ಆದರೆ ಎರಡೂ ಒಂದೇ ದಿಕ್ಕು ತೋರಿಸುತ್ತವೆ.

2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಸಲಹೆ ಕೊಟ್ಟಿತು: ಕುಂತಿರುವ ಹೊತ್ತನ್ನು ಕಡಿಮೆ ಮಾಡಿ, ಆ ಹೊತ್ತಿನಲ್ಲಿ ಹಗುರವಾಗಿಯಾದರೂ ಮೈ ಆಡಿಸಿ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ವಯಸ್ಕರಿಗೆ ಬೇಕು.

(ಇಲ್ಲಿ ಓದುವುದನ್ನು ನಿಲ್ಲಿಸಿ. ಎಲ್ಲರೂ ಎದ್ದು ನಿಲ್ಲಿ. ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ಹತ್ತು ಸಲ ನಿಂತು ಇಳಿಯಿರಿ. ಬೇಕಾದರೆ ಗೋಡೆ ಹಿಡಿಯಿರಿ. ಹೆಗಲುಗಳನ್ನು ಹಿಂದಕ್ಕೆ ಐದು ಸಲ ತಿರುಗಿಸಿ. ಒಂದು ಗುಟುಕು ನೀರು ಕುಡಿದು ಕೂಡಿರಿ. ಎಷ್ಟು ಹೊತ್ತು ಹಿಡಿಯಿತು? ಎರಡು ನಿಮಿಷ. ನಾವು ಕೇಳುತ್ತಿರುವುದು ಇಷ್ಟೇ.)

"ಮನಿ ಕೆಲಸ ಮಾಡ್ತೀವಲ್ಲ, ಅದು ಸಾಲದೇನು?"

ಇದು ನ್ಯಾಯವಾದ ಪ್ರಶ್ನೆ. ಬೆಳಗಾಗುವ ಮೊದಲೇ ಎದ್ದು ನೀರು ತುಂಬುವುದು, ಕಸ ಹೊಡೆಯುವುದು, ಬಟ್ಟೆ ಒಗೆಯುವುದು, ಇವೆಲ್ಲ ಮೈ ಕೆಲಸವೇ. ವಿಶ್ವ ಆರೋಗ್ಯ ಸಂಸ್ಥೆಯೂ ಮನೆಗೆಲಸವನ್ನು ದೈಹಿಕ ಚಟುವಟಿಕೆ ಎಂದೇ ಲೆಕ್ಕ ಹಿಡಿಯುತ್ತದೆ. ಆದರೆ ಮುಂಜಾನೆ ದುಡಿದ ಮೈ, ಆಮೇಲೆ ನಾಲ್ಕು ತಾಸು ಅಲ್ಲಾಡದೆ ಕುಂತರೆ, ಆ ನಾಲ್ಕು ತಾಸಿನಲ್ಲಿ ಕಾಲಿನ ಪಂಪ್ ಬಂದ್ ಆಗಿಯೇ ಇರುತ್ತದೆ. ಮುಂಜಾನೆ ನೀರು ಕುಡಿದಿದ್ದೇವೆಂದು ಮಧ್ಯಾಹ್ನ ನೀರಡಿಕೆ ಆಗದೆ ಇರುತ್ತದೆಯೇ? ಹಾಗೆಯೇ ಇದು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೀವು ಇನ್ನೂ ಹೆಚ್ಚು ದುಡಿಯಿರಿ ಎಂದು ನಾವು ಹೇಳುತ್ತಿಲ್ಲ. ದಿನವಿಡೀ ಗದ್ದೆಯಲ್ಲಿ ಬಗ್ಗಿ ಬಂದವಳಿಗೆ ಕೂಡುವುದೇ ಔಷಧ. ಆಕೆಗೆ ಈ ಪಾಠ ತೋರಿಸಿ "ಏಳು" ಎನ್ನುವುದು ಅನ್ಯಾಯ. ದಿನವಿಡೀ ನಿಂತು ದುಡಿಯುವುದೂ ಕೆಟ್ಟದ್ದೇ. ಕೇರಳದ ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಲ್ಲಬೇಕಾಗಿದ್ದ ಹೆಣ್ಣುಮಕ್ಕಳು ಹೋರಾಡಿದ ಫಲವಾಗಿ 2018ರಲ್ಲಿ ಅಲ್ಲಿ ಕೂಡುವ ಹಕ್ಕು ಕಾನೂನಿಗೆ ಬಂತು. 2021ರಲ್ಲಿ ತಮಿಳುನಾಡಿನಲ್ಲೂ ಬಂತು. ರಾಯಚೂರಿನ ಅಂಗಡಿಗಳಲ್ಲಿ ನಿಂತು ದುಡಿಯುವ ನಮ್ಮ ಮಕ್ಕಳಿಗೂ ಒಂದು ಸ್ಟೂಲು ಬೇಕು. ಮೈ ಕೇಳುವುದು ಬದಲಾವಣೆ: ಕುಂತವರಿಗೆ ಏಳುವುದು, ನಿಂತವರಿಗೆ ಕೂಡುವುದು.

ನಾವು ಯಾಕೆ ಏಳುವುದಿಲ್ಲ?

ಹೆಣ್ಣುಮಕ್ಕಳು ಸೋಮಾರಿತನದಿಂದ ಕುಂತಿರುವುದಿಲ್ಲ. ಕಾರಣಗಳು ಬೇರೆ ಇವೆ.

ಮೊದಲನೆಯದು ತುಂಡಿನ ಲೆಕ್ಕದ ಕೂಲಿ. ಬ್ಲೌಸಿಗೆ ಇಷ್ಟು, ಕಿಲೋ ಮೆಣಸಿನಕಾಯಿಗೆ ಇಷ್ಟು. ಎದ್ದರೆ ದುಡ್ಡು ಹೋಗುತ್ತದೆ ಎಂಬ ಭಯ.

ಎರಡನೆಯದು ಬಾಯಿ ಬಿಟ್ಟು ಹೇಳದ ಕಾರಣ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲ, ಇದ್ದರೂ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಅದಕ್ಕೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಕುಡಿಯದಿದ್ದರೆ ಏಳುವ ಕೆಲಸವೇ ಬರುವುದಿಲ್ಲ. ಹೀಗೆ ನಾಲ್ಕೈದು ತಾಸು ಬಿಗಿಹಿಡಿದು ಕುಂತು, ಉರಿಮೂತ್ರ, ತಲೆನೋವು, ಕಲ್ಲಿನ ತೊಂದರೆ ತಂದುಕೊಳ್ಳುತ್ತಾರೆ. ನಮ್ಮ ಬಿಸಿಲಿನ ಜಿಲ್ಲೆಯಲ್ಲಿ ಇದು ಬಹಳ ಅಪಾಯ. ಆದ್ದರಿಂದ ಕುಂತು ದುಡಿಯುವವರ ಮೊದಲ ಬೇಡಿಕೆ ಕುಡಿಯುವ ನೀರು ಮತ್ತು ಬಾಗಿಲಿರುವ ಶೌಚಾಲಯ.

ಮೂರನೆಯದು ನಾಚಿಕೆ. ಎದ್ದರೆ "ಕೆಲಸಗಳ್ಳಿ" ಅಂದಾರು ಎಂಬ ಅಂಜಿಕೆ. ಒಬ್ಬಳೇ ಎದ್ದರೆ ಮಾತು ಬರುತ್ತದೆ. ಎಲ್ಲರೂ ಕೂಡಿ ಎದ್ದರೆ ಅದು ಅಲ್ಲಿನ ಪದ್ಧತಿಯಾಗುತ್ತದೆ. ಇಲ್ಲಿಯೇ ಸಂಘದ ಬಲ ಬೇಕಾಗುವುದು.

ಕೂಲಿ ಕಡಿಮೆಯಾಗದ ದಾರಿ

ಮೊದಲು ಲೆಕ್ಕ ನೋಡೋಣ. ಆರು ತಾಸು ಕುಂತು ಹೊಲಿಯುವವರು ಅರ್ಧ ತಾಸಿಗೊಮ್ಮೆ ಎದ್ದರೆ 11 ಸಲ ಏಳುತ್ತಾರೆ. ಸಲಕ್ಕೆ 2 ನಿಮಿಷದಂತೆ 22 ನಿಮಿಷ. ಈ 22 ನಿಮಿಷ ದಂಡವಾಗಬೇಕಿಲ್ಲ. ಹೇಗೂ ಮಾಡಲೇಬೇಕಾದ ಕೆಲಸಗಳನ್ನೇ ಏಳುವ ಹೊತ್ತಿಗೆ ಹೊಂದಿಸಿಕೊಂಡರಾಯಿತು.

ಹೊಲಿಗೆಯವರಿಗೆ: ಬಟ್ಟೆ ಕತ್ತರಿಸುವುದು, ಇಸ್ತ್ರಿ ಮಾಡುವುದು ನೆಲದ ಮೇಲೆ ಬೇಡ, ಟೊಂಕದೆತ್ತರದ ಮೇಜಿನ ಮೇಲೆ ನಿಂತು ಮಾಡಿ. ಎಲ್ಲ ಬ್ಲೌಸ್ ಒಮ್ಮೆಲೇ ಕತ್ತರಿಸಿ, ಆಮೇಲೆ ಎಲ್ಲವನ್ನೂ ಒಮ್ಮೆಲೇ ಹೊಲಿಯುವ ರೂಢಿ ಬಿಡಿ. ಎರಡು ಹೊಲಿದು ಏಳಿ, ಎರಡಕ್ಕೆ ಇಸ್ತ್ರಿ ಹಾಕಿ, ಮತ್ತೆ ಕೂಡಿ. ಹೊಲಿದದ್ದನ್ನು ಪಕ್ಕದಲ್ಲೇ ಒಟ್ಟದೆ ಕೋಣೆಯ ಆ ತುದಿಯಲ್ಲಿ ಇಡಿ. ಸ್ಟೂಲಿನ ಬದಲು ಬೆನ್ನಿಗೆ ಆಸರೆಯಿರುವ ಕುರ್ಚಿ ಒಳ್ಳೆಯದು. ಪಾದ ಎರಡೂ ನೆಲಕ್ಕೆ ಊರಿರಲಿ.

ರೊಟ್ಟಿ ಮಾಡುವವರಿಗೆ: ಬಡಿಯುವವರು ಒಬ್ಬರು, ಬೇಯಿಸುವವರು ಒಬ್ಬರು, ಎಣಿಸಿ ಕಟ್ಟುವವರು ಒಬ್ಬರು ಇದ್ದರೆ, ಅರ್ಧ ತಾಸಿಗೊಮ್ಮೆ ಜಾಗ ಬದಲಿಸಿ. ಕಟ್ಟುವ ಕೆಲಸ ನಿಂತು ಮಾಡುವಂತಿರಲಿ. ಅನುಕೂಲವಿದ್ದರೆ ಒಲೆಯನ್ನು ಕಟ್ಟೆಯ ಮೇಲೇರಿಸಿ.

ಮೆಣಸಿನಕಾಯಿ, ಹತ್ತಿ, ಕಾಳು ಹಸನು ಮಾಡುವವರಿಗೆ: ದೊಡ್ಡ ರಾಶಿಯನ್ನು ಮಗ್ಗುಲಲ್ಲೇ ಸುರಿದುಕೊಳ್ಳಬೇಡಿ. ಸಣ್ಣ ಪುಟ್ಟಿಯಲ್ಲಿ ತಂದುಕೊಳ್ಳಿ. ಪುಟ್ಟಿ ಖಾಲಿಯಾದಾಗ ಎದ್ದು ಹೋಗಿ ತುಂಬಿಕೊಂಡು ಬನ್ನಿ. ಚಕ್ಕಳಮಕ್ಕಳ ಹಾಕಿ ಕುಂತವರು ಆಗಾಗ ಕಾಲು ಚಾಚಿ.

ಲೆಕ್ಕ ಬರೆಯುವವರಿಗೆ, ಆಫೀಸಿನವರಿಗೆ: ಫೋನ್ ಬಂದರೆ ಎದ್ದು ಮಾತಾಡಿ. ಪಕ್ಕದ ಕೋಣೆಯವರಿಗೆ ಫೋನ್ ಮಾಡದೆ ನಡೆದು ಹೋಗಿ. ನೀರಿನ ಬಾಟಲಿಯ ಬದಲು ಸಣ್ಣ ಲೋಟ ಇಟ್ಟುಕೊಳ್ಳಿ, ತುಂಬಲು ಏಳಲೇಬೇಕಾಗುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದ ಆಸ್ಪತ್ರೆಗಳ 146 ಕಚೇರಿ ನೌಕರರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎತ್ತರ ಏರಿಸಿ ಇಳಿಸುವ ಮೇಜು ಕೊಟ್ಟರು. ಜೊತೆಗೆ ತಮ್ಮ ಕುಂತ ಹೊತ್ತನ್ನು ತಾವೇ ಲೆಕ್ಕ ಹಿಡಿಯಲು, ಗುರಿ ಇಟ್ಟುಕೊಳ್ಳಲು ಕಲಿಸಿದರು. ಒಂದು ವರ್ಷದ ನಂತರ ಅವರು, ಈ ನೆರವು ಸಿಗದವರಿಗಿಂತ ದಿನಕ್ಕೆ ಸುಮಾರು 80 ನಿಮಿಷ ಕಡಿಮೆ ಕುಂತಿದ್ದರು. ಅಂಥ ಮೇಜು ನಮ್ಮಲ್ಲಿಲ್ಲ. ಆದರೆ ಲೆಕ್ಕ ಹಿಡಿಯುವುದು, ಗುರಿ ಇಡುವುದು, ವಾರ ವಾರ ಕೂಡಿ ನೋಡುವುದು ಸಂಘದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಊಟದ ನಂತರ ಮಾತ್ರ ಎರಡಲ್ಲ, ಐದು ನಿಮಿಷ ನಡೆಯಿರಿ. ಸಕ್ಕರೆ ಏರುವ ಹೊತ್ತು ಅದು.

ಬೇರೆಯವರ ಕೈಕೆಳಗೆ ದುಡಿಯುವವರು

ನಮ್ಮದೇ ಹೊಲಿಗೆ ಕೇಂದ್ರವಾದರೆ ಮಾಲಕಿಯೂ ನಾವೇ, ಕೆಲಸದವಳೂ ನಾವೇ. ಇವತ್ತೇ ತೀರ್ಮಾನ ಮಾಡಬಹುದು. ಮಿಲ್ಲು, ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರು ಮಾಲಕರನ್ನು ಕೇಳಬೇಕು. ಬಿಡುವು ಕೇಳುವುದು ಭಿಕ್ಷೆಯಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಅರ್ಧ ತಾಸಿನ ಬಿಡುವಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದು ಎಂದಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗಳಿಗೆ ಅದು ಅನ್ವಯಿಸುತ್ತದೆ. ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ, ನಿಂತು ದುಡಿಯುವವರಿಗೆ ಕೂಡುವ ವ್ಯವಸ್ಥೆ ಮಾಡುವುದು ಅದರ ಪ್ರಕಾರ ಮಾಲಕರ ಹೊಣೆ.

ಒಬ್ಬರೇ ಹೋಗಿ ಜಗಳ ಮಾಡಬೇಡಿ. ಐದಾರು ಜನ ಕೂಡಿ, ಮರ್ಯಾದೆಯಿಂದ, ಒಂದೊಂದೇ ಬೇಡಿಕೆ ಇಡಿ. ಮೊದಲು ನೀರು ಮತ್ತು ಶೌಚಾಲಯ, ಆಮೇಲೆ ಏಳುವ ಬಿಡುವು. ಕೆಲಸದವರು ಬೇನೆ ಬಿದ್ದು ರಜೆ ಹಾಕುವುದು ತಪ್ಪಿದರೆ ಲಾಭ ಅವರಿಗೂ ಇದೆ ಎಂದು ತಿಳಿಸಿ ಹೇಳಿ.

ಆಸ್ಪತ್ರೆಗೆ ಯಾವಾಗ ಹೋಗಬೇಕು?

ಒಂದೇ ಕಾಲು ಬಾತು ನೋಯುತ್ತಿದ್ದರೆ, ಎದೆ ನೋವು ಅಥವಾ ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಲಿನ ಜೋಮು ಬಿಡದೆ ಇದ್ದರೆ, ಟೊಂಕದಿಂದ ಕಾಲಿಗೆ ನೋವು ಇಳಿಯುತ್ತಿದ್ದರೆ, ಮೂತ್ರ ಉರಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ದಿನಾ ನುಂಗಬೇಡಿ, ಮೂತ್ರಪಿಂಡಕ್ಕೆ ಕೇಡು. 30 ವರ್ಷ ದಾಟಿದವರು ಬಿ.ಪಿ., ಸಕ್ಕರೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಆಶಾ ಅಕ್ಕನನ್ನು ಕೇಳಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ನೀವು ಒಟ್ಟು ಎಷ್ಟು ತಾಸು ಕುಂತಿದ್ದಿರಿ? ಏಳದೆ ಒಂದೇ ಸಮನೆ ಕುಂತದ್ದು ಎಷ್ಟು ಹೊತ್ತು?
2. ನಿಮ್ಮ ಕೆಲಸದ ಜಾಗದಲ್ಲಿ ನೀರು, ಶೌಚಾಲಯ ಇದೆಯೇ? ಇಲ್ಲದಿದ್ದರೆ ಯಾರನ್ನು ಕೇಳಬೇಕು?
3. ಕುಂತು ಮಾಡುವ ನಿಮ್ಮ ಕೆಲಸದಲ್ಲಿ ಯಾವ ಭಾಗವನ್ನು ನಿಂತು ಮಾಡಬಹುದು?
4. ಕಳೆದ ವರ್ಷ ಟೊಂಕ, ಮೊಣಕಾಲು, ಕುತ್ತಿಗೆ ನೋವಿಗೆ ಸಂಘದವರೆಲ್ಲ ಸೇರಿ ಎಷ್ಟು ಖರ್ಚು ಮಾಡಿದಿರಿ? ಎಷ್ಟು ದಿನದ ದುಡಿಮೆ ಹೋಯಿತು?

ಸಂಘದ ತೀರ್ಮಾನ

ಈ ಸಭೆಯಲ್ಲಿ ಒಂದೇ ಒಂದು ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ನಾಲ್ಕು ವಾರ ಪ್ರತಿ ಸದಸ್ಯೆ ದಿನಕ್ಕೆ ಎಷ್ಟು ಸಲ ಎದ್ದಳೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕಲಿ. ಬರೆಯಲು ಬಾರದವರೂ ಗೆರೆ ಹಾಕಬಹುದು. ಸಭೆಗೆ ಅದನ್ನು ತಂದು ಎಲ್ಲರೂ ನೋಡಿ. ಕಡಿಮೆ ಗೆರೆ ಹಾಕಿದವರಿಗೆ ದಂಡ ಬೇಡ. ಯಾಕೆ ಏಳಲಾಗಲಿಲ್ಲ ಎಂದು ಕೇಳಿ. ಆ ಉತ್ತರದಲ್ಲೇ ನಿಮ್ಮ ಮುಂದಿನ ಕೆಲಸ ಇರುತ್ತದೆ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೇಳಿದ್ದಾರೆ. ನಾವು ಕೂತು ಉಣ್ಣುವವರಲ್ಲ, ಕೂತು ದುಡಿಯುವವರು. ಆದರೆ ಏಳದೆ ದುಡಿದರೂ ಕುಡಿಕೆ ಖಾಲಿಯಾಗುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ. ಹತ್ತು ರೂಪಾಯಿ ಹತ್ತು ರೂಪಾಯಿ ಕೂಡಿಸಿ ಸಂಘ ಕಟ್ಟಿದ ನಮಗೆ, ಎರಡು ನಿಮಿಷ ಎರಡು ನಿಮಿಷ ಕೂಡಿಸಿ ಮೈ ಉಳಿಸಿಕೊಳ್ಳುವುದು ಕಷ್ಟವೇನಲ್ಲ.

ಈಗ ಪಾಠ ಮುಗಿಯಿತು. ಎಲ್ಲರೂ ಎದ್ದೇಳಿ. ಮನೆಗೆ ಹೋಗುವಾಗ ಊರ ಒಂದು ಸುತ್ತು ಕೂಡಿ ನಡೆದೇ ಹೋಗಿ.